ಅಸಿಪುತ್ರಿ

ಗೃಹಸ್ಥನಾದವನಿಗೆ ಚಾಕುಗಳು ಎಷ್ಟು ಬೇಕು? ಅಡುಗೆಮನೆಯನ್ನು ಲೆಕ್ಕಕ್ಕೆ ಸೇರಿಸದೆಯೇ ಕೇಳುತ್ತಿದ್ದೇನೆ. ಆ ರಾಜ್ಯದ ಆಡಳಿತವು ನನ್ನ ಕೈಯಲ್ಲಿಲ್ಲ. ಮೇಜಿನ ಬಳಿ ಸೀಸದ ಕಡ್ಡಿಯನ್ನು ಹೆರೆಯುವುದಕ್ಕೂ, ಅಂಚೆಯಲ್ಲಿ ಬಂದ ಪುಸ್ತಕದ ಕಟ್ಟನ್ನು ಬಿಚ್ಚುವುದಕ್ಕೂ, ಹಿತ್ತಿಲಿನಲ್ಲಿ ಬಳ್ಳಿಗೆ ಕಟ್ಟಿದ ದಾರವನ್ನು ಕೊಯ್ಯುವುದಕ್ಕೂ, ಬೆಟ್ಟ ಹತ್ತಿ ಕುಳಿತಾಗ ಸೌತೆಕಾಯಿಯನ್ನು ಹೆಚ್ಚುವುದಕ್ಕೂ ಒಂದೇ ಒಂದು ಚಾಕು ಸಾಲದೇ, ಸಾಲುವುದಾದರೆ ಆ ಒಂದು ಯಾವುದಾಗಿರಬೇಕು ಎಂಬುದು ನನ್ನ ಪ್ರಶ್ನೆ. ಪ್ರಶ್ನೆಯು ಅಲ್ಪವೆಂದು ತೋರಬಹುದು. ಮೂವತ್ತಮೂರು ವರ್ಷಗಳ ಕಾಲ ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದವನಿಗೆ ಅಲ್ಪ ಪ್ರಶ್ನೆಗಳ ಮೇಲೆ ಕಾಲವನ್ನು ವ್ಯಯಮಾಡುವ ಅಧಿಕಾರವು ಪ್ರಾಪ್ತವಾಗಿದೆಯೆಂದು ವಾಚಕರು ಮನ್ನಿಸಬೇಕು. ಆದರೆ ಇದರೊಳಗೆ ಅಷ್ಟೇನೂ ಅಲ್ಪವಲ್ಲದ ಇನ್ನೊಂದು ಪ್ರಶ್ನೆಯು ಅಡಗಿದೆ. ನನ್ನ ಕೆಲಸಕ್ಕೆ ಒದಗುವ ಚಾಕುವನ್ನು ಕಂಡು ಪಕ್ಕದಲ್ಲಿರುವವರು ಏಕೆ ಬೆದರಬೇಕು?

ಅಮರಕೋಶವನ್ನು ಬಾಲ್ಯದಲ್ಲಿ ಉರುಹಾಕಿದವರಿಗೆ ನೆನಪಿರಬಹುದು: ಶಸ್ತ್ರೀ, ಅಸಿಪುತ್ರೀ, ಛುರಿಕಾ, ಅಸಿಧೇನುಕಾ ಎಂದು ಚಾಕುವಿಗೆ ಅಲ್ಲಿ ನಾಲ್ಕು ಹೆಸರುಗಳಿವೆ. ಇವುಗಳಲ್ಲಿ ಅಸಿಪುತ್ರೀ ಎಂಬುದು ನನಗೆ ಬಹಳ ಪ್ರಿಯವಾದ ಮಾತು. ಅಸಿಯೆಂದರೆ ಖಡ್ಗ, ಅದರ ಮಗಳು ಚಾಕು. ಆದರೆ ಈ ಹೆಸರುಗಳು ಇರುವ ಸ್ಥಳವನ್ನು ಗಮನಿಸಬೇಕು. ಅವು ಕ್ಷತ್ರಿಯವರ್ಗದಲ್ಲಿ, ಬಿಲ್ಲು ಬಾಣ ಗುರಾಣಿಗಳ ನೆರೆಯಲ್ಲಿವೆ. ಪೈರನ್ನು ಕೊಯ್ಯುವ ಕುಡುಗೋಲು ವೈಶ್ಯವರ್ಗಕ್ಕೆ ಹೋಗಿದೆ. ಕತ್ತರಿಯು ಕುಶಲಕರ್ಮಿಗಳ ಉಪಕರಣಗಳೊಡನೆ ಶೂದ್ರವರ್ಗದಲ್ಲಿ ಕುಳಿತಿದೆ. ಮೂರೂ ಕೊಯ್ಯುವ ವಸ್ತುಗಳೇ. ಹಾಗಿದ್ದರೂ ಕೋಶಕಾರನು ಚಾಕುವನ್ನು ಮಾತ್ರ ಯುದ್ಧದ ಮನೆತನಕ್ಕೆ ಸೇರಿಸಿದನು. ಸಾವಿರಕ್ಕೂ ಮಿಕ್ಕ ವರ್ಷಗಳಾದ ಮೇಲೂ ಜನರಿಗೆ ಆ ಕುಲದ ನೆನಪು ಹೋಗಿಲ್ಲ. ಕುಡುಗೋಲನ್ನು ಹಿಡಿದು ರಸ್ತೆಯಲ್ಲಿ ಬರುವ ಹೆಂಗಸನ್ನು ಕಂಡು ಯಾರೂ ಪಕ್ಕಕ್ಕೆ ಸರಿಯುವುದಿಲ್ಲ. ಅದರ ಅರ್ಧದಷ್ಟು ಚಾಕುವನ್ನು ಹಿಡಿದ ಗಂಡಸನ್ನು ಕಂಡರೆ ಸರಿಯುತ್ತಾರೆ. ನನಗೆ ಬೇಕಾಗಿದ್ದುದು ತೌರಿನ ಬಿರುಸನ್ನು ಮರೆತು ಕೊಟ್ಟ ಮನೆಗೆ ಹೊಂದಿಕೊಂಡ ಅಸಿಪುತ್ರಿ.

ವ್ಯಾಕರಣದ ಪಾಠವನ್ನು ಇಲ್ಲಿ ಒಂದೇ ನಿಮಿಷ ನೆನೆಯುತ್ತೇನೆ, ಹಳೆಯ ಚಾಳಿ. ಕರಣಕಾರಕಕ್ಕೆ ನಮ್ಮ ವೈಯಾಕರಣರು ಕೊಡುವ ಉದಾಹರಣೆಗಳೆಂದರೆ ಕುಡುಗೋಲಿನಿಂದ ಕೊಯ್ಯುವುದು, ಕೊಡಲಿಯಿಂದ ಕಡಿಯುವುದು. ಕರ್ತೃವು ಮನುಷ್ಯ, ಆಯುಧವು ಅವನ ಕೈಕೆಳಗಿನದು. ಕೆಲವು ಚಾಕುಗಳನ್ನು ನೋಡಿದರೆ ಮಾತ್ರ ಅವೇ ಕರ್ತೃಸ್ಥಾನದಲ್ಲಿ ಕುಳಿತಂತೆ ಭಾಸವಾಗುತ್ತದೆ. ಹಿಡಿದವನು ಯಾರೆಂದು ನೋಡುವ ಮೊದಲೇ ಕಣ್ಣು ಅಲಗಿನ ಮೇಲೆ ನಿಲ್ಲುತ್ತದೆ. ಅಂಥದು ಗೃಹಸ್ಥನ ಜೇಬಿಗೆ ತಕ್ಕುದಲ್ಲ.

ಬೆದರಿಕೆಯು ವಸ್ತುವಿನ ಗಾತ್ರವನ್ನು ಅನುಸರಿಸುತ್ತದೆಯೆಂದು ತಿಳಿಯಬಾರದು. ನಮ್ಮ ತೀರ್ಥಹಳ್ಳಿಯ ಸುತ್ತಣ ಅಡಕೆ ತೋಟಗಳಲ್ಲಿ ಕೆಲಸಕ್ಕೆ ಬರುವವರು ಸೊಂಟದ ಹಿಂದೆ ಕೊಕ್ಕೆಗೆ ಸಿಕ್ಕಿಸಿಕೊಂಡ ಕತ್ತಿಯು ಮೊಳದುದ್ದಕ್ಕೆ ಸಮೀಪವಾಗಿರುತ್ತದೆ. ಅದನ್ನು ಕಂಡು ಮನೆಯ ಕೂಸು ಕೂಡ ಅಳುವುದಿಲ್ಲ. ಕೊಡಗಿನ ಮದುವೆಯಲ್ಲಿ ಕುಪ್ಯವನ್ನು ತೊಟ್ಟು ಕೆಂಪು ಚೇಲೆಗೆ ಪೀಚೆಕತ್ತಿಯನ್ನು ಸಿಕ್ಕಿಸಿಕೊಂಡು ನಿಂತ ವರನನ್ನು ನೋಡಿ ನೆಂಟರು ಹರ್ಷಿಸುತ್ತಾರೆ. ಇವೆರಡನ್ನೂ ಬೆಂಗಳೂರಿನ ಸಿಟಿ ಬಸ್ಸಿನೊಳಗೆ ತಂದು ನಿಲ್ಲಿಸಿದರೆ ಏನಾಗುವುದೆಂಬುದನ್ನು ಹೇಳಬೇಕಾಗಿಲ್ಲ. ದೇಶ, ಕಾಲ, ಪಾತ್ರ ಎಂದು ದಾನಕ್ಕೆ ಹೇಳಿದ ಮೂರು ನಿಯಮಗಳು ಚಾಕುವಿಗೂ ಸಲ್ಲುತ್ತವೆ. ಇನ್ನು ನಮ್ಮ ಅಡುಗೆಮನೆಯ ಈಳಿಗೆ ಮಣೆಯನ್ನು ನೋಡಿರಿ. ಅಲಗು ಕದಲದೆ ನಿಂತಿರುತ್ತದೆ. ತರಕಾರಿಯೇ ಅದರ ಬಳಿಗೆ ಹೋಗಿ ಹೋಳಾಗುತ್ತದೆ. ಹೆಚ್ಚುವವರು ನೆಲದ ಮೇಲೆ ಕುಳಿತು ಕಾಲಿನಿಂದ ಮಣೆಯನ್ನು ಅದುಮಿರುತ್ತಾರೆ. ಅದನ್ನು ಎತ್ತಿ ಯಾರನ್ನಾದರೂ ಹೆದರಿಸುವೆನೆಂದು ಹೊರಟವನು ನಗೆಗೀಡಾಗುವನೇ ಹೊರತು ಬೇರೇನೂ ಆಗಲಾರದು. ಇದಕ್ಕಿಂತ ಸಾಧುವಾದ ಆಯುಧವನ್ನು ನಾನು ಕಾಣೆ. ದೋಷವೊಂದೇ, ಅದು ಜೇಬಿನಲ್ಲಿ ಹಿಡಿಸುವುದಿಲ್ಲ.

ಪ್ರಶ್ನೆಯು ನನ್ನನ್ನು ಕಾಡತೊಡಗಿದುದು ಕವಲೇದುರ್ಗದಲ್ಲಿ. ನಾವು ನಾಲ್ವರು ನಿವೃತ್ತರು ತಿಂಗಳಿಗೊಮ್ಮೆ ಎಲ್ಲಿಗಾದರೂ ನಡೆದುಹೋಗುವ ಪದ್ಧತಿಯನ್ನು ಇಟ್ಟುಕೊಂಡಿದ್ದೇವೆ. ಕುಂದಾದ್ರಿ, ಆಗುಂಬೆಯ ಸುತ್ತಿನ ಕಾಡುದಾರಿ, ಮೊಣಕಾಲುಗಳು ಒಪ್ಪಿದ ವರ್ಷ ಕೊಡಚಾದ್ರಿ. ಅಂದು ಕೋಟೆಯಿಂದ ಇಳಿದು ಬಂದು ಚಹದ ಅಂಗಡಿಯ ಬೆಂಚಿನ ಮೇಲೆ ಕುಳಿತಿದ್ದೆವು. ಎದುರಿಗೆ ಪ್ರವಾಸಕ್ಕೆ ಬಂದ ಶಾಲೆಯ ಮಕ್ಕಳು ಹತ್ತು ಹನ್ನೆರಡು ಮಂದಿ ಗಲಾಟೆಮಾಡುತ್ತಿದ್ದರು. ನಮ್ಮ ಪೈಕಿ ಒಬ್ಬರು ಕಿತ್ತಳೆಯ ಹಣ್ಣನ್ನು ಹೋಳುಮಾಡಲೆಂದು ಚೀಲದಿಂದ ತಮ್ಮ ಹೊಸ ಚಾಕುವನ್ನು ಒರೆಯಿಂದ ಹಿರಿದು ಬೆಂಚಿನ ಮೇಲಿಟ್ಟರು. ಅದು ಕಪ್ಪು ಬಣ್ಣವನ್ನು ಬಳಿದ ಏಳಂಗುಲದ ಅಲಗು. ಬೆನ್ನಿನ ಮೇಲೆ ಗರಗಸದ ಹಲ್ಲು. ಮೊನೆಯು ಮೇಲಕ್ಕೆ ಬಾಗಿದೆ. ಸೈನಿಕರ ಮಾದರಿಯೆಂದು ಜಾಹಿರಾತು ನೋಡಿ ತರಿಸಿದ್ದರಂತೆ. ಅವರಷ್ಟು ಮೃದು ಸ್ವಭಾವದ ಮನುಷ್ಯರು ನಮ್ಮ ತಾಲ್ಲೂಕಿನಲ್ಲಿ ವಿರಳ. ಆದರೆ ಆ ಮಕ್ಕಳ ಗಲಾಟೆಯು ದೀಪವನ್ನು ಊದಿದಂತೆ ನಿಂತುಹೋಯಿತು. ಒಬ್ಬ ಹುಡುಗಿಯು ತನ್ನ ಗೆಳತಿಯ ಸೆರಗಿಲ್ಲದ ಬೆನ್ನಿನ ಹಿಂದೆ ಸೇರಿಕೊಂಡಳು. ಮಕ್ಕಳನ್ನು ಸುಮ್ಮನಿರಿಸುವುದಕ್ಕೆ ಮೂವತ್ತಮೂರು ವರ್ಷ ನಾನು ಬಹುವಿಧವಾದ ಉಪಾಯಗಳನ್ನು ಮಾಡಿದ್ದೇನೆ. ಆ ಬಗೆಯ ನಿಶ್ಶಬ್ದವನ್ನು ಮಾತ್ರ ಯಾವ ತರಗತಿಯಲ್ಲೂ ಕೇಳಿರಲಿಲ್ಲ. ಕಿತ್ತಳೆಯ ಹಣ್ಣನ್ನು ಸುಲಿಯಲು ಹೆಬ್ಬೆರಳು ಸಾಕು ಎಂಬುದು ಬೇರೆಯ ಮಾತು.

ಮನೆಗೆ ಬಂದು ಈ ಸಂಗತಿಯನ್ನು ನನ್ನ ಪತ್ನಿಗೆ ಹೇಳಿದೆನು. ಅವಳು ನಗಲಿಲ್ಲ. ಇದಕ್ಕೆ ಕಾರಣವನ್ನು ತಿಳಿಸಬೇಕಾದರೆ ಒಂದು ಹಳೆಯ ವಿಷಯವನ್ನು ಎತ್ತಬೇಕಾಗುತ್ತದೆ. ನಮ್ಮ ಮನೆಯಲ್ಲಿ ತೊಳೆದಿಟ್ಟ ಚಾಕುವಿನ ಮೊನೆಯು ಯಾವಾಗಲೂ ಗೋಡೆಯ ಕಡೆಗೆ ತಿರುಗಿರುತ್ತದೆ. ನಾನು ಎಲ್ಲಿಯೇ ಇಟ್ಟರೂ, ಹೇಗೆಯೇ ಇಟ್ಟರೂ, ಸ್ವಲ್ಪ ಹೊತ್ತಿನ ಮೇಲೆ ಅದು ತಿರುಗಿರುತ್ತದೆ. ಚಾಕುವನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಜಗಳವಾಗುವುದು, ನೆಲದ ಮೇಲಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು ಎಂಬ ನಂಬಿಕೆಯು ನಮ್ಮ ಕಡೆಯ ಎಲ್ಲ ಮನೆಗಳಲ್ಲಿಯೂ ಇರುವುದರಿಂದ ಇದೂ ಅಂಥದೇ ಒಂದು ಸಂಪ್ರದಾಯವೆಂದು ಇಪ್ಪತ್ತು ವರ್ಷ ನಾನು ತಿಳಿದುಕೊಂಡಿದ್ದೆನು. ತರುವಾಯ ಒಂದು ಮಳೆಗಾಲದ ರಾತ್ರಿ ದೀಪ ಹೋಗಿದ್ದಾಗ ಅವಳೇ ಹೇಳಿದಳು. ಅವಳ ತೌರಿನಲ್ಲಿ ತೋಟದ ಗಡಿಯ ವಿಷಯವಾಗಿ ದಾಯಾದಿಗಳೊಳಗೆ ಮನಸ್ತಾಪವಿತ್ತು. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ಒಂದು ಸಂಜೆ, ದಿನವೂ ಅವಳನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದ ಒಬ್ಬ ಬಂಧುವು ಚೂರಿಯನ್ನು ಹಿಡಿದು ಅಂಗಳದಲ್ಲಿ ಬಂದು ನಿಂತನಂತೆ. ಯಾರಿಗೂ ಗಾಯವಾಗಲಿಲ್ಲ. ಹಿರಿಯರು ಮಾತನಾಡಿದರು, ಅವನು ಹಿಂದಿರುಗಿದನು, ವ್ಯಾಜ್ಯವೂ ಮುಂದೆ ತೀರಿತು. ಆದರೆ ಅವಳ ಕಣ್ಣಿನಲ್ಲಿ ನಿಂತದ್ದು ಆ ಮನುಷ್ಯನ ಮುಖವಲ್ಲವಂತೆ. ತನ್ನ ಕಡೆಗೆ ತಿರುಗಿದ್ದ ಮೊನೆ.

"ನಿಮಗೆ ಚಾಕು ಬೇಕೆಂದರೆ ತೆಗೆದುಕೊಳ್ಳಿ, ನಾನು ಬೇಡವೆನ್ನುವುದಿಲ್ಲ" ಎಂದಳು. "ಆದರೆ ಅದಕ್ಕೆ ಮೊನೆ ಯಾತಕ್ಕೆ? ಮೊನೆಯಿಂದ ನಿಮಗೆ ಆಗಬೇಕಾದ ಕೆಲಸವೇನು?"

ಈ ಪ್ರಶ್ನೆಗೆ ಒಡನೆಯೇ ಉತ್ತರವನ್ನು ಕೊಡಲಾರದೆ, ನಾನು ಒಂದು ಲೆಕ್ಕದ ಪುಸ್ತಕವನ್ನು ಇಟ್ಟೆನು. ಹದಿನೈದು ದಿನಗಳ ಕಾಲ ಕೊಯ್ಯುವ ಕೆಲಸ ಬಂದಾಗಲೆಲ್ಲ ಬರೆದಿಡುವುದು. ಆಗ ಕೈಗೆ ಸಿಕ್ಕಿದ ಹಳೆಯ ಪೆನ್ನುಚಾಕು, ಬ್ಲೇಡು, ಕತ್ತರಿ ಯಾವುದರಿಂದಲಾದರೂ ಮಾಡುವುದು. ನಲವತ್ತಕ್ಕೂ ಹೆಚ್ಚು ಕೆಲಸಗಳಾದವು. ಹಣ್ಣು, ಸೌತೆಕಾಯಿಗಳದೇ ಅರ್ಧ. ಉಳಿದುದರಲ್ಲಿ ದಾರ, ಹುರಿ, ಬಾಳೆಯ ನಾರು, ಪುಸ್ತಕದ ಕಟ್ಟಿನ ಅಂಟುಪಟ್ಟಿ, ಸೀಸದ ಕಡ್ಡಿ, ಊಟಕ್ಕೆ ಕುಡಿಬಾಳೆ ಎಲೆ, ತುಲಸಿಯ ಒಣಗಿದ ಕಡ್ಡಿ, ನಾಯಿಗೆ ಅನ್ನ ಹಾಕಲು ಅಡಕೆಯ ಹಾಳೆ, ಗುಲಾಬಿಯ ಕಸಿಗೆ ಕಟ್ಟಿದ ಪಟ್ಟಿ, ಔಷಧದ ಮಾತ್ರೆಯನ್ನು ಎರಡು ಭಾಗ ಮಾಡುವುದು. ಇಷ್ಟರಲ್ಲಿ ಚೂಪಾದ ಮೊನೆಯೇ ಬೇಕೆನಿಸಿದ್ದು ಮೂರು ಸಲ. ಅಂಗಾಲಿನ ಮುಳ್ಳಿಗೆ ಸೂಜಿಯೇ ಲೇಸಾಯಿತು. ಸೊಂಟದ ಪಟ್ಟಿಯಲ್ಲಿ ಹೊಸ ರಂಧ್ರವನ್ನು ಚಮ್ಮಾರನು ದಬ್ಬಳದಿಂದ ಕ್ಷಣದಲ್ಲಿ ಮಾಡಿಕೊಟ್ಟನು. ಅಂಟುಪಟ್ಟಿಯನ್ನು ಅಲಗಿನ ಹೊಟ್ಟೆಯಿಂದಲೇ ಸೀಳಬಹುದೆಂದು ಎರಡನೆಯ ಸಲಕ್ಕೆ ತಿಳಿಯಿತು. ಅಲಗು ಎಷ್ಟು ಉದ್ದವಿರಬೇಕೆಂಬುದೂ ಈ ಪುಸ್ತಕದಿಂದಲೇ ಇತ್ಯರ್ಥವಾಯಿತು: ಕೈಯ ನಾಲ್ಕು ಬೆರಳಿನ ಅಗಲ, ಎಂದರೆ ಸುಮಾರು ಮೂರು ಅಂಗುಲ. ಇದಕ್ಕೆ ಕಡಿಮೆಯಾದರೆ ಸೌತೆಕಾಯಿಯು ಕೇಳುವುದಿಲ್ಲ. ಹೆಚ್ಚಾದರೆ ಸೀಸದ ಕಡ್ಡಿಯು ಕೇಳುವುದಿಲ್ಲ. ತೆಂಗಿನಕಾಯಿಯನ್ನು ಒಡೆಯುವುದು, ಸೌದೆಯನ್ನು ಸಿಗಿಯುವುದು ಇವು ಮಚ್ಚಿನ ಕೆಲಸಗಳು. ಒಂದೇ ಚಾಕುವು ಸರ್ವಾರ್ಥಸಾಧಕವಾಗಲಿ ಎಂದು ಇವನ್ನೂ ಅದರ ಮೇಲೆ ಹೊರಿಸುವವರು ಕೊನೆಗೆ ಮಚ್ಚನ್ನೇ ಜೇಬಿನಲ್ಲಿಟ್ಟುಕೊಂಡು ತಿರುಗಬೇಕಾದೀತು.

ಮೊನೆಯ ವಿಷಯವಾಗಿ ನನ್ನ ಪತ್ನಿಯು ಕೇಳಿದ ಪ್ರಶ್ನೆಯನ್ನೇ ವೈದ್ಯರೂ ಕೇಳಿದ್ದಾರೆಂದು ಆಮೇಲೆ ತಿಳಿದುಬಂದಿತು. ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ತುರ್ತು ಚಿಕಿತ್ಸೆಯನ್ನು ನೋಡಿಕೊಳ್ಳುತ್ತಿದ್ದ ಮೂವರು ವೈದ್ಯರು ೨೦೦೫ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಎಂಬ ಪತ್ರಿಕೆಯಲ್ಲಿ, ಉದ್ದವಾದ ಮೊನೆಯುಳ್ಳ ಅಡುಗೆ ಚಾಕುಗಳ ಮಾರಾಟವನ್ನು ನಿಲ್ಲಿಸಬೇಕೆಂದು ಬರೆದರು. ಹತ್ತು ಮಂದಿ ಹೆಸರಾಂತ ಬಾಣಸಿಗರನ್ನು ಅವರು ವಿಚಾರಿಸಿದ್ದರು. ಅಂಥ ಮೊನೆಯು ಅಡುಗೆಗೆ ಅನಿವಾರ್ಯವೆಂದು ಒಬ್ಬರೂ ಹೇಳಲಿಲ್ಲ. ಹಡಗಿನ ನಾವಿಕರು ಹಗ್ಗ ಕೊಯ್ಯಲು ಇಟ್ಟುಕೊಳ್ಳುತ್ತಿದ್ದ ಚಾಕುವೂ ಮೊಂಡು ಮೂಗಿನದೇ. ಓಲಾಡುವ ಹಡಗಿನಲ್ಲಿ ಮುಗ್ಗರಿಸಿದರೆ ತನಗಾಗಲಿ ನೆರೆಯವನಿಗಾಗಲಿ ಚುಚ್ಚಬಾರದೆಂಬ ವಿವೇಕ.

ಮೊನೆಯ ತರುವಾಯ ಜನರನ್ನು ಬೆದರಿಸುವುದು ಚಾಕುವು ತೆರೆದುಕೊಳ್ಳುವ ರೀತಿ. ಉತ್ತರಪ್ರದೇಶದ ರಾಮಪುರದ ಚಾಕುವನ್ನು ಹಿಂದಿ ಚಲನಚಿತ್ರಗಳ ಮೂಲಕ ಎಲ್ಲರೂ ಬಲ್ಲರು. ಖಳನಾಯಕನ ಕೈಯಲ್ಲಿ ಅದು ಕಟಕಟನೆ ಸದ್ದುಮಾಡುತ್ತ ಬಿಚ್ಚಿಕೊಂಡರೆ ಚಿತ್ರಮಂದಿರದಲ್ಲಿ ಉಸಿರು ನಿಲ್ಲುತ್ತಿತ್ತು. ಆ ಊರಿನವರು ೨೦೨೩ರಲ್ಲಿ ಒಂದು ಚೌಕದಲ್ಲಿ ಸುಮಾರು ಇಪ್ಪತ್ತು ಅಡಿ ಉದ್ದದ ಚಾಕುವಿನ ಪ್ರತಿಕೃತಿಯನ್ನೇ ಸ್ಥಾಪಿಸಿದ್ದಾರೆ. ಅಲ್ಲಿಯ ಕುಶಲಕರ್ಮಿಗಳ ಕೈಗಾರಿಕೆಗೆ ಅದು ತಕ್ಕ ಮರ್ಯಾದೆ. ಆದರೆ ರೈಲಿನ ಡಬ್ಬಿಯಲ್ಲಿ ಸೀಬೆಹಣ್ಣಿಗೆ ಆ ಸದ್ದು ಬೇಡ. ಎರಡು ಕೈಗಳಿಂದ, ಸಾವಕಾಶವಾಗಿ, ಎದುರಿಗಿದ್ದವರಿಗೆ ಕಾಣುವಂತೆ ಬಿಡಿಸಬೇಕಾದ ಚಾಕುವು ತಾನಾಗಿಯೇ ಒಂದು ವಿನಯವನ್ನು ಪಡೆಯುತ್ತದೆ. ಬಣ್ಣವೂ ಮುಖ್ಯವೇ. ಕಪ್ಪು ಬೇಡ. ಮರದ ಹಿಡಿಯನ್ನು ಕಂಡವನಿಗೆ ಸೌಟು, ಲಟ್ಟಣಿಗೆ ನೆನಪಿಗೆ ಬರುತ್ತವೆ.

ರಾಜಶಾಸನದ ಮಾತನ್ನು ಬೇಗ ಮುಗಿಸುತ್ತೇನೆ. ನಮ್ಮ ದೇಶದ ೧೯೫೯ರ ಆಯುಧಗಳ ಅಧಿನಿಯಮವು ಗೃಹಕೃತ್ಯಕ್ಕೂ ಬೇಸಾಯಕ್ಕೂ ಮಾತ್ರವೇ ಮಾಡಿದ ವಸ್ತುಗಳನ್ನು ಆಯುಧವೆಂದು ಎಣಿಸುವುದಿಲ್ಲ. ೨೦೧೬ರ ನಿಯಮಗಳ ಪಟ್ಟಿಯಲ್ಲಿ ಕತ್ತಿ ಕಠಾರಿಗಳ ಜೊತೆಗೆ ಬರುವುದು ಒಂಬತ್ತು ಅಂಗುಲಕ್ಕಿಂತ ಉದ್ದವಾದ ಅಥವಾ ಎರಡು ಅಂಗುಲಕ್ಕಿಂತ ಅಗಲವಾದ ಅಲಗುಗಳು; ಅಲ್ಲಿಯೂ ಮನೆ, ಹೊಲ, ಶಾಸ್ತ್ರ, ಕೈಗಾರಿಕೆಗಳಿಗೆಂದು ಮಾಡಿದವುಗಳಿಗೆ ವಿನಾಯಿತಿಯಿದೆ. ವಿಮಾನದೊಳಕ್ಕೆ ಕೈಚೀಲದಲ್ಲಿ ಯಾವ ಚಾಕುವನ್ನೂ ಒಯ್ಯಕೂಡದು. ಮೂರು ಅಂಗುಲದ ಚಾಕುವಿನವನಿಗೆ ಇಷ್ಟು ತಿಳಿದರೆ ಸಾಕು. ಆದರೆ ಕವಲೇದುರ್ಗದ ಆ ಏಳಂಗುಲದ ಅಲಗೂ ಒಂಬತ್ತಕ್ಕೆ ಕಡಿಮೆಯೇ ಎಂಬುದನ್ನು ನೆನೆಯಿರಿ. ಶಾಸನವು ಅಳತೆಪಟ್ಟಿಯಿಂದ ಅಳೆಯುತ್ತದೆ; ಹೆದರಿದ ಹುಡುಗಿಯ ಬಳಿ ಅಳತೆಪಟ್ಟಿಯಿರುವುದಿಲ್ಲ.

ಇನ್ನು ಲೋಹ. ಇಲ್ಲಿ ಕನ್ನಡಿಗನು ಸ್ವಲ್ಪ ಎದೆಯುಬ್ಬಿಸಿದರೆ ತಪ್ಪಿಲ್ಲ. ದಕ್ಷಿಣದೇಶದ ಮೂಸೆಯ ಉಕ್ಕನ್ನು ಯುರೋಪಿನವರು ವೂಟ್ಸ್ ಎಂದು ಕರೆದರು; ಆ ಮಾತು ನಮ್ಮ 'ಉಕ್ಕು' ಎಂಬುದರ ಅಪಭ್ರಂಶವೆಂದು ವಿದ್ವಾಂಸರ ಅಭಿಪ್ರಾಯ. ಮುಂಬಯಿಯಿಂದ ಹೋದ ಇದರ ಗಟ್ಟಿಗಳನ್ನು ಪರೀಕ್ಷಿಸಿ ಜಾರ್ಜ್ ಪಿಯರ್‌ಸನ್ ಎಂಬ ವೈದ್ಯನು ಲಂಡನ್ನಿನ ರಾಯಲ್ ಸೊಸೈಟಿಗೆ ೧೭೯೫ರಲ್ಲಿ ಒಂದು ಲೇಖನವನ್ನು ಒಪ್ಪಿಸಿದನು. ಸ್ಟೋಡಾರ್ಟ್ ಎಂಬ ಚಾಕುಗಾರನು ಆ ಉಕ್ಕನ್ನು ಬಡಿದು ಮೊದಲು ಮಾಡಿ ನೋಡಿದ ವಸ್ತುವು ಖಡ್ಗವೂ ಅಲ್ಲ, ಈಟಿಯೂ ಅಲ್ಲ, ಒಂದು ಪೆನ್ನುಚಾಕು. ಅದರ ಬಾಯಿಯು ಅತ್ಯುತ್ತಮವಾದ ಉಕ್ಕಿನ ಚಾಕುವಿಗೆ ಸಮವಾಗಿತ್ತೆಂದು ವರದಿಯಾಗಿದೆ. ಇದೇ ಸ್ಟೋಡಾರ್ಟನೊಡನೆ ಮುಂದೆ ಮೈಕೇಲ್ ಫ್ಯಾರಡೆಯು ಉಕ್ಕಿನ ಮಿಶ್ರಲೋಹಗಳ ಮೇಲೆ ಪ್ರಯೋಗಗಳನ್ನು ಮಾಡಿದನು. ಜಗತ್ಪ್ರಸಿದ್ಧವಾದ ನಮ್ಮ ಉಕ್ಕು ಪರದೇಶದಲ್ಲಿ ಗರಿಯ ಲೇಖನಿಯನ್ನು ಹೆರೆಯುವ ಚಾಕುವಾಗಿ ಪರೀಕ್ಷೆಗೆ ಕುಳಿತಿತೆಂಬುದು ಉಪಾಧ್ಯಾಯನಾದ ನನಗೆ ಬಹಳ ಹಿತವಾದ ಸಂಗತಿ.

ಸಾಮಾನ್ಯ ಉಕ್ಕಿನ ಅಲಗು ಬೇಗ ಹರಿತವಾಗುತ್ತದೆ, ಆದರೆ ಒಂದು ನಿಂಬೆಹಣ್ಣಿಗೆ ಕಪ್ಪಗಾಗುತ್ತದೆ. ಬಾಳೆಕಾಯಿಯ ಸೊನೆಯೂ ಮಾವಿನಕಾಯಿಯ ಹುಳಿಯೂ ಅದರ ಮೇಲೆ ಚಿತ್ರ ಬರೆಯುತ್ತವೆ. ನಮ್ಮ ಮಲೆನಾಡಿನ ಆಷಾಢದಲ್ಲಿ ಎರಡು ದಿನ ಮರೆತರೆ ತುಕ್ಕು ಹಿಡಿದು ಕುಳಿತಿರುತ್ತದೆ. ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿಯು ೧೯೧೩ರಲ್ಲಿ ತಯಾರಿಸಿದ ಕ್ರೋಮಿಯಂ ಬೆರೆತ ಉಕ್ಕಿನಿಂದ ಚಾಕು ಚಮಚಗಳ ಈ ತೊಂದರೆಯು ಬಹುಮಟ್ಟಿಗೆ ಕಳೆಯಿತು. ಮಸೆಯಲು ಸ್ವಲ್ಪ ಹೆಚ್ಚು ಹೊತ್ತು ಬೇಕಾದರೂ ಮಳೆಯ ಊರಿನವನಿಗೆ ತುಕ್ಕು ಹಿಡಿಯದ ಉಕ್ಕೇ ಯೋಗ್ಯವೆಂದು ನಾನು ನಿಶ್ಚಯಿಸಿದೆನು.

ಆಯ್ಕೆಯು ಕಡೆಗೆ ಎರಡು ಚಾಕುಗಳ ನಡುವೆ ಬಂದು ನಿಂತಿತು. ಒಂದು ಸ್ವಿಟ್ಜರ್ಲೆಂಡಿನದು. ಕಾರ್ಲ್ ಎಲ್ಸೆನರ್ ಎಂಬವನು ೧೮೮೪ರಲ್ಲಿ ಅಂಗಡಿಯನ್ನು ತೆರೆದು ೧೮೯೧ರಿಂದ ತನ್ನ ದೇಶದ ಸೈನಿಕರಿಗೆ ಚಾಕುಗಳನ್ನು ಒದಗಿಸಿದನು. ಅಧಿಕಾರಿಗಳ ಚಾಕುವೆಂದು ಹೆಸರಾದ ಮಾದರಿಯು ೧೮೯೭ರದು. ಸೈನ್ಯಕ್ಕಾಗಿ ಹುಟ್ಟಿದರೂ ಇಷ್ಟು ನಿರಪಾಯಕರವಾಗಿ ಕಾಣುವ ವಸ್ತು ಇನ್ನೊಂದಿಲ್ಲ. ಕೆಂಪು ಹಿಡಿ, ಬಿಳಿಯ ಶಿಲುಬೆ, ಒಳಗೆ ಕತ್ತರಿ, ತಿರುಪುಳಿ, ಡಬ್ಬಿ ತೆರೆಯುವ ಕೊಕ್ಕೆ, ಹಲ್ಲುಕಡ್ಡಿ. ನೋಡಿದ ಮಕ್ಕಳು ಹತ್ತಿರ ಬರುತ್ತಾರೆ. ಅದರ ಮೇಲಿನ ನನ್ನ ಆಕ್ಷೇಪಣೆಯು ವಯಸ್ಸಿನದು. ಒಂದೊಂದು ಅಲಗನ್ನೂ ಉಗುರಿನಿಂದ ಎಬ್ಬಿಸಬೇಕು. ಅರವತ್ತರ ಉಗುರಿಗೆ ಅದು ಶಿಕ್ಷೆ. ಮೇಲಾಗಿ, ನನ್ನ ಜೇಬಿಗೆ ಹಿಡಿಸುವ ಸಣ್ಣ ಮಾದರಿಗಳಲ್ಲಿ ತೆರೆದ ಅಲಗನ್ನು ತಡೆದು ನಿಲ್ಲಿಸುವ ಬೀಗವಿರುವುದಿಲ್ಲ. ಒತ್ತುವಾಗ ಅದು ಮಡಿಸಿಕೊಂಡರೆ ಬೆರಳಿಗೆ ಅಪಾಯ.

ಇನ್ನೊಂದು ಫ್ರಾನ್ಸಿನ ಸವೊಯ್ ಎಂಬ ಬೆಟ್ಟದ ಸೀಮೆಯದು. ಜೋಸೆಫ್ ಒಪಿನೆಲ್ ಎಂಬವನು ೧೮೯೦ರಲ್ಲಿ ರೈತರಿಗೂ ದನಗಾಹಿಗಳಿಗೂ ಎಂದು ಮಾಡಿದ ಮಡಿಸುವ ಚಾಕು. ೧೮೯೭ರಲ್ಲಿ ಅದಕ್ಕೆ ಒಂದರಿಂದ ಹನ್ನೆರಡರವರೆಗೆ ಅಳತೆಗಳಾದವು. ಒಂದು ತುಂಡು ಮರದ ಹಿಡಿ, ಒಂದು ಅಲಗು, ಒಂದು ಮೊಳೆ, ಕತ್ತಿನಲ್ಲಿ ಎರಡು ಬಳೆ. ಇಷ್ಟೇ ಅದರ ಶರೀರ. ೧೯೫೫ರಲ್ಲಿ ಸೇರಿಸಿದ, ತಿರುಗಿಸುವ ಬಳೆಯೇ ಬೀಗ. ಫ್ರಾನ್ಸಿನಲ್ಲಿ ವ್ಯಾಸಂಗ ಮಾಡುತ್ತಿರುವ ನನ್ನ ಸೋದರಳಿಯನಿಗೆ ಈ ವಿಷಯವನ್ನು ಬರೆದಾಗ, ಮೊನೆಯಿಲ್ಲದ ಜಾತಿಯೂ ಉಂಟೇ ಎಂದು ವಿಚಾರಿಸಲು ಹೇಳಿದ್ದೆನು. ಉಂಟು. ಏಳನೆಯ ಅಳತೆಯದು, ಎಂಟು ಸೆಂಟಿಮೀಟರಿನ ಅಲಗು, ತುಕ್ಕು ಹಿಡಿಯದ ಉಕ್ಕು, ತುದಿಯು ನಾಲಗೆಯಂತೆ ದುಂಡಗಿದೆ. ಅದನ್ನು ತಂದುಕೊಡುವಾಗ ಅವನು ನಗುವನ್ನು ತಡೆದುಕೊಂಡು, "ಮಾವಾ, ಇದು ಅಲ್ಲಿ ಸಣ್ಣ ಮಕ್ಕಳಿಗೆ ಕೊಡುವ ಚಾಕು. ಇದರ ಹೆಸರೇ ನನ್ನ ಮೊದಲ ಒಪಿನೆಲ್ ಎಂದು" ಎಂದನು. ಅರವತ್ತು ತುಂಬಿದವನಿಗೆ ಷಷ್ಟ್ಯಬ್ದಿಯ ತರುವಾಯ ಪುನರ್ಜನ್ಮವೆಂದು ಹೇಳುತ್ತಾರಷ್ಟೆ. ಮೊದಲ ಚಾಕು ಸಲ್ಲುತ್ತದೆ ಎಂದೆನು.

ಈಗ ಅದು ನನ್ನಲ್ಲಿಗೆ ಬಂದು ಎರಡು ಮಳೆಗಾಲಗಳಾದವು. ಲೆಕ್ಕದ ಪುಸ್ತಕದಲ್ಲಿ ಬರೆದಿದ್ದ ಕೆಲಸಗಳೆಲ್ಲವನ್ನೂ ಮಾಡಿದೆ. ಬೆಟ್ಟದ ಮೇಲೆ ಬೆಣ್ಣೆಯನ್ನು ಬ್ರೆಡ್ಡಿಗೆ ಸವರಲು ದುಂಡು ತುದಿಯು ಅತ್ಯಂತ ಅನುಕೂಲವೆಂಬುದು ಅನಿರೀಕ್ಷಿತವಾಗಿ ದೊರೆತ ಲಾಭ. ಕೊರತೆಯೂ ಇದೆ: ಹಲಸಿನ ಮುಂದೆ ಅದು ಕೈಮುಗಿಯುತ್ತದೆ, ಸೋರೆಕಾಯಿಯ ಮುಂದೆ ತೊದಲುತ್ತದೆ.

ಹರಿತವನ್ನು ಕಾಪಾಡುವ ವಿಷಯದಲ್ಲಿ ನನ್ನ ಗುರುವು ಸುಶ್ರುತ. ಶಸ್ತ್ರಚಿಕಿತ್ಸೆಯ ಉಪಕರಣಗಳ ಪ್ರಕರಣದಲ್ಲಿ ಆತನು ಅಲಗಿನ ಬಾಯಿಗೆ ಕೊಡುವ ಅಳತೆಗಳು ನಮ್ಮ ಉಗ್ರಾಣದಿಂದ ಬಂದವು: ಸೀಳುವ ಶಸ್ತ್ರಕ್ಕೆ ಚನ್ನಂಗಿಬೇಳೆಯ ಅಂಚಿನಷ್ಟು, ಕೆರೆಯುವುದಕ್ಕೆ ಅದರ ಅರ್ಧ, ಚುಚ್ಚುವುದಕ್ಕೆ ಕೂದಲಿನಷ್ಟು, ಕತ್ತರಿಸುವುದಕ್ಕೆ ಅರ್ಧ ಕೂದಲಿನಷ್ಟು. ಮಸೆಯುವ ಕಲ್ಲು ನುಣುಪಾಗಿ ಉದ್ದಿನ ಬಣ್ಣದ್ದಾಗಿರಬೇಕು. ಮಸೆದ ಬಾಯಿಯನ್ನು ನಿಲ್ಲಿಸಲು ಬೂರುಗದ ಮರದ ಹಲಗೆ. ನಾನು ಹೊಳೆಯ ಒಂದು ಕಪ್ಪು ಕಲ್ಲನ್ನೂ ಬೂರುಗದ ಒಂದು ತುಂಡನ್ನೂ ಸಂಪಾದಿಸಿಕೊಂಡು ಈ ವಿಧಿಯನ್ನು ಪರೀಕ್ಷಿಸಿದೆನು. ಕಲ್ಲಿನ ಮೇಲೆ ನೀರು ಹಾಕಿ, ಅಲಗನ್ನು ಬಹಳವಾಗಿ ಎತ್ತದೆ, ಒಂದು ಮಗ್ಗುಲಿಗೆ ಎಷ್ಟು ಸಲವೋ ಇನ್ನೊಂದಕ್ಕೂ ಅಷ್ಟೇ ಸಲ ಎಳೆಯಬೇಕು. ಬಳಿಕ ಹಲಗೆಯ ಮೇಲೆ ಬಾಯಿಯು ಹಿಂದಾಗುವಂತೆ ಹತ್ತು ಸಲ ಸವರಬೇಕು. ಅಂಚು ಕಾಗದವನ್ನು ಸದ್ದಿಲ್ಲದೆ ಸೀಳುತ್ತದೆ. ಸಾಣೆ ಹಿಡಿಯುವವನು ಸೈಕಲ್ಲಿನ ಚಕ್ರವನ್ನು ತುಳಿಯುತ್ತ ಕಿಡಿ ಹಾರಿಸುವುದು ನೋಡಲು ಚೆಂದ, ಆದರೆ ಅವನು ಸಣ್ಣ ಅಲಗನ್ನು ಒಂದೇ ವರ್ಷದಲ್ಲಿ ತಿಂದುಹಾಕುತ್ತಾನೆ. ಮೊಂಡು ಚಾಕುವೇ ನಿರಪಾಯವೆಂದು ಮನೆಗಳಲ್ಲಿ ಹೇಳುವುದುಂಟು. ಅದು ಸರಿಯಲ್ಲ, ಹರಿತವಿಲ್ಲದ ಕಡೆ ಬಲವನ್ನು ಹಾಕುತ್ತೇವೆ, ಬಲ ಹಾಕಿದ ಕಡೆ ಜಾರುತ್ತದೆ. ಮೊನೆ ಮೊಂಡಾಗಿರಲಿ, ಬಾಯಿ ಹರಿತವಾಗಿರಲಿ.

ಹನ್ನೊಂದು ವರ್ಷದ ಮೊಮ್ಮಗಳು ರಜೆಗೆ ಬಂದಾಗ, "ಅಜ್ಜಯ್ಯ, ನನಗೂ ಕಲಿಸಿ" ಎಂದು ಹಟಹಿಡಿದಳು. ಸೊಸೆಗೆ ಮನಸ್ಸಿರಲಿಲ್ಲ. "ಶಾಲೆಗೆ ತೆಗೆದುಕೊಂಡು ಹೋದರೆ ಏನು ಗತಿ, ಮಾವ?" ಎಂದು ಕೇಳಿದಳು, ನ್ಯಾಯವಾದ ಪ್ರಶ್ನೆ. ಚಾಕುವು ಅಜ್ಜನ ಮನೆಯ ಹೊಸಿಲನ್ನು ದಾಟತಕ್ಕುದಲ್ಲವೆಂದು ಒಪ್ಪಂದವಾಯಿತು. ಕುಳಿತುಕೊಂಡೇ ಕೊಯ್ಯಬೇಕು, ಕೈ ಚಾಚಿದಷ್ಟು ದೂರದೊಳಗೆ ಯಾರೂ ಇರಬಾರದು, ಅಲಗು ಮೈಯಿಂದ ಹೊರಕ್ಕೆ ಹೋಗಬೇಕು, ಬಳೆಯನ್ನು ತಿರುಗಿಸದೆ ಕೆಲಸಕ್ಕೆ ತೊಡಗಬಾರದು. ಮೂರು ದಿನ ಸೀಸದ ಕಡ್ಡಿಯನ್ನು ಹೆರೆದಳು. ನಾಲ್ಕನೆಯ ದಿನ ಒಂದು ಬಿದಿರಿನ ಕಡ್ಡಿಯನ್ನು ಲೇಖನಿಯಾಗಿ ಕೊಯ್ದು, ಮಸಿಯಲ್ಲಿ ಅದ್ದಿ, ತನ್ನ ಹೆಸರನ್ನು ಬರೆದಳು. ಅಕ್ಷರಗಳು ನನ್ನ ಯಾವ ವಿದ್ಯಾರ್ಥಿಯ ಅಕ್ಷರಗಳಿಗೂ ಕಡಿಮೆಯಾಗಿರಲಿಲ್ಲವೆಂದು ಅಜ್ಜನಾದ ನಾನು ಹೇಳಿದರೆ ಅದಕ್ಕೆ ಪ್ರಮಾಣವಿಲ್ಲ.

ಕಳೆದ ಮಹಾನವಮಿಯ ದಿನ ಆಯುಧಪೂಜೆಗೆ ನನ್ನ ಪತ್ನಿಯು ಮಣೆಯ ಮೇಲೆ ಈಳಿಗೆ, ಕತ್ತರಿ, ಅಡಕತ್ತರಿಗಳನ್ನು ಸಾಲಾಗಿಟ್ಟಿದ್ದಳು. ನನ್ನನ್ನು ಕೇಳದೆಯೇ ಮೇಜಿನ ಮೇಲಿದ್ದ ಈ ಚಾಕುವನ್ನು ತಂದು, ಬಿಡಿಸಿ, ಅವುಗಳ ಪಕ್ಕದಲ್ಲಿಟ್ಟು ಕುಂಕುಮವಿಟ್ಟಳು. ಅಲಗು ನಮ್ಮ ಕಡೆಗೇ ತಿರುಗಿತ್ತು. ಸಂಜೆಯವರೆಗೂ ಅದು ಹಾಗೆಯೇ ಇತ್ತು.

ಈ ಬಗೆಯ ಚಾಕುವನ್ನು ಇಟ್ಟುಕೊಳ್ಳಬೇಕೆಂದಿರುವ ಮಲೆನಾಡಿನವರಿಗೆ ಒಂದು ಸೂಚನೆಯನ್ನು ಕೊಡಬೇಕು. ಮಳೆ ಹಿಡಿದ ತಿಂಗಳುಗಳಲ್ಲಿ ಹಿಡಿಯ ಮರವು ತೇವದಿಂದ ಉಬ್ಬಿ ಅಲಗನ್ನು ಕಚ್ಚಿಕೊಳ್ಳುತ್ತದೆ. ಎಷ್ಟು ಎಳೆದರೂ ಅದು ಹೊರಕ್ಕೆ ಬರುವುದಿಲ್ಲ. ಇಕ್ಕುಳವನ್ನು ಹಾಕಬೇಡಿರಿ. ಸವೊಯ್ ಸೀಮೆಯವರು ಬಳೆಯ ಬೀಗವನ್ನು ಸಡಿಲಿಸಿ ಹಿಡಿಯ ಬುಡವನ್ನು ಗಟ್ಟಿಯಾದ ಹಲಗೆಯ ಮೇಲೆ ಕುಟ್ಟುತ್ತಾರೆ; ಅಲಗು ತಾನಾಗಿಯೇ ಸ್ವಲ್ಪ ಮುಖ ತೋರಿಸುತ್ತದೆ. ಆಗ ಎರಡು ಬೆರಳುಗಳಿಂದ ಬೆನ್ನನ್ನು ಹಿಡಿದು ಬಿಡಿಸಬಹುದು. ತೊಳೆದ ಮೇಲೆ ಒರಸಿ, ತೆರೆದೇ ಇಟ್ಟು ಒಣಗಿಸಿ, ತಿಂಗಳಿಗೊಮ್ಮೆ ಮೊಳೆಯ ಬಳಿ ಒಂದು ತೊಟ್ಟು ಕೊಬ್ಬರಿ ಎಣ್ಣೆಯನ್ನು ಬಿಟ್ಟರೆ ಶ್ರಾವಣದಲ್ಲಿಯೂ ಅದು ಹಟಮಾಡುವುದಿಲ್ಲ.